ಅಮ್ಮನ ಮಾತ್ರೆಯೂ ಬೆಳಗ್ಗಿನ ಚಾವೂ

ಕಳೆದ ವರ್ಷ ಆಟಿ ತಿಂಗಳಲ್ಲಿ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.6. ಹೆಂಗಸರಿಗೆ ಕಡಿಮೆಯೆಂದರೂ 12 ಇರಬೇಕು. ತೋಟದಿಂದ ಮನೆಗೆ ಹತ್ತಿ ಬರುವಷ್ಟರಲ್ಲಿ ಅಮ್ಮನಿಗೆ ಏದುಸಿರು ಬರುತ್ತಿತ್ತು. "ಪ್ರಾಯ ಆಯ್ತಲ್ಲ ಮಗಾ" ಅನ್ನುತ್ತಿದ್ದರು. ನಾವೂ ಹೌದು ಅಂತ ಸುಮ್ನೆ ಇದ್ದೆವು. ಆ ನೋವು ನನಗೆ ಇನ್ನೂ ಹೋಗಿಲ್ಲ.

ಡಾಕ್ಟರು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಬರೆದರು. ಅಮ್ಮ ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಮತ್ತೆ ನೋಡಿದರೆ 8.9. ಬೇರೆ ಡಾಕ್ಟರ ಹತ್ತಿರ ಹೋದೆವು. ಒಳಗೆ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಆಮೇಲೆ ಕೇಳಿದರು, "ಮಾತ್ರೆ ಯಾವಾಗ ತಗೊಳ್ತೀರಿ ಅಮ್ಮಾ?"

"ಬೆಳಿಗ್ಗೆ ದೋಸೆ ತಿಂದು ಚಾ ಕುಡಿಯುವಾಗ. ಮರೆಯಬಾರದಲ್ಲ, ಎರಡೂ ಒಟ್ಟಿಗೇ."

ತಪ್ಪು ಅಲ್ಲೇ ಇತ್ತು. ಚಹಾದ ಒಗರಿನ ಅಂಶ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತದೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡ ಬರುತ್ತದೆ. ಈ ಒಂದು ಮಾತನ್ನು ಮೊದಲೇ ಯಾರಾದರೂ ಹೇಳಬಹುದಿತ್ತು, ಅಲ್ವಾ?

ಮಾತ್ರೆಗೆ ಮಾತ್ರ ಅಲ್ಲ, ಊಟಕ್ಕೂ ಇದೇ ಲೆಕ್ಕ. ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಹತ್ತುವುದೇ ಸ್ವಲ್ಪ. ಮೀನು, ಮಾಂಸದ್ದು ಸುಲಭವಾಗಿ ಹತ್ತುತ್ತದೆ. ಹಾಗಂತ ಸಸ್ಯಾಹಾರಿಗಳು ಹೆದರಬೇಕಿಲ್ಲ. ತಗತೆ ಸೊಪ್ಪು, ಹಲಸಿನ ಬೀಜದ ಪಲ್ಯ ಮಾಡಿ, ಇಳಿಸಿದ ಮೇಲೆ ಅರ್ಧ ನಿಂಬೆ ಹಿಂಡಿ. ನಿಂಬೆ, ನೆಲ್ಲಿಕಾಯಿ, ಪೇರಳೆಯ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಕರೆದುಕೊಂಡು ಹೋಗುತ್ತದೆ. ಹೆಸರುಕಾಳು, ಹುರುಳಿಯನ್ನು ಮೊಳಕೆ ಬರಿಸಿದರೆ ಕಬ್ಬಿಣ, ಸತು ಎರಡೂ ಜಾಸ್ತಿ ಸಿಗುತ್ತವೆ. ದೋಸೆ ಹಿಟ್ಟು ಹುಳಿ ಬರುವುದರಲ್ಲೂ ಅದೇ ಲಾಭ ಇದೆ. ಕ್ಯಾಲ್ಸಿಯಂಗೆ ರಾಗಿ ಇದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಮೀನುಗಳಿವೆ.

ಉಪ್ಪಿನ ಬಗ್ಗೆಯೂ ಒಂದು ಮಾತು. ಕಡಲು ಪಕ್ಕದಲ್ಲೇ ಇದೆ, ನಮಗೆ ಅಯೋಡಿನ್ ಕೊರತೆ ಎಲ್ಲಿಂದ ಅಂತ ಕೆಲವರು ಕೇಳುತ್ತಾರೆ. ಅಯೋಡಿನ್ ಬೆರೆಸದ ಕಲ್ಲುಪ್ಪಿನಲ್ಲಿ ಅದು ತೀರಾ ಕಡಿಮೆ. ಗುಲಾಬಿ ಬಣ್ಣದ ದುಬಾರಿ ಉಪ್ಪಿನಲ್ಲೂ ಅಷ್ಟೇ. ಬಸುರಿಯರಿರುವ ಮನೆಯಲ್ಲಿ ದಯವಿಟ್ಟು ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಮಗುವಿನ ಮಿದುಳು ಬೆಳೆಯಲು ಅದು ಬೇಕೇ ಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಕಂಡುಬಂತು. ನಮ್ಮ ಕೇರಳದಲ್ಲಿ ಸುಮಾರು 36. ದೇಶಕ್ಕಿಂತ ಕಡಿಮೆ ಅಂತ ಸಮಾಧಾನ ಪಡಲು ನನಗೆ ಆಗುವುದಿಲ್ಲ. ಅದು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಬೀಡಿ ಕಟ್ಟುತ್ತಾ ಕುಳಿತ ಎಷ್ಟೋ ಅಕ್ಕಂದಿರು ಹಸಿವಾದಾಗಲೂ ಚಾ, ಉಂಡ ಕೂಡಲೇ ಚಾ ಅಂತ ದಿನ ಕಳೆಯುತ್ತಾರೆ. ತಲೆ ತಿರುಗಿದರೆ ಬಿಸಿಲು ಅನ್ನುತ್ತಾರೆ.

ಅಮ್ಮ ಚಾ ಬಿಡಲಿಲ್ಲ. ಹೊತ್ತು ಬದಲಾಯಿಸಿದರು. ಕಬ್ಬಿಣದ ಮಾತ್ರೆ ಹನ್ನೊಂದು ಗಂಟೆಗೆ ನಿಂಬೆ ಶರಬತ್ತಿನ ಜೊತೆ, ಕ್ಯಾಲ್ಸಿಯಂ ರಾತ್ರಿ ಊಟದ ಮೇಲೆ, ಚಾ ಸಂಜೆ ನಾಲ್ಕಕ್ಕೆ. ಮೊನ್ನೆಯ ಪರೀಕ್ಷೆಯಲ್ಲಿ 11.4 ಬಂತು. ಈಗ ಪಕ್ಕದ ಮನೆಯವರು ಮಾತ್ರೆ ತಂದರೆ ಅಮ್ಮನೇ ಕೇಳುತ್ತಾರೆ, "ಚಾದೊಟ್ಟಿಗೆ ನುಂಗ್ತಿಲ್ಲ ಅಲ್ವಾ?"