ಒಂದು ಗೆರೆ ಸಾಲದು

ಈಗಷ್ಟೇ ಒಂದು ವಿಡಿಯೊ ನೋಡಿದೆ, ಸಿಟ್ಟು ಇನ್ನೂ ಇಳಿದಿಲ್ಲ. "ಹುಟ್ಟುತ್ತಿರುವ ನಕ್ಷತ್ರದ ಬಳಿ ಸಕ್ಕರೆ! ಅಲ್ಲಿ ಜೀವ ಇರುವುದು ಖಚಿತ!" ಎಂದು ಶುರುವಾಗಿ ಅದೇ ಕೂಗಿನಲ್ಲಿ ಮುಗಿಯುತ್ತದೆ. ಅಷ್ಟು ದೂರದ ಅಣುವನ್ನು ಗುರುತಿಸಿದ್ದು ಹೇಗೆ ಅನ್ನುವುದಕ್ಕೆ ಒಂದು ವಾಕ್ಯವೂ ಇಲ್ಲ. ಸ್ಪೆಕ್ಟ್ರೋಸ್ಕೋಪಿ, ಅಂದರೆ ಬೆಳಕು, ರೇಡಿಯೊ ತರಂಗಗಳಿಂದ ವಸ್ತುವನ್ನು ಗುರುತಿಸುವ ವಿದ್ಯೆಯ ಪಾಠ ಮಾಡಿಯೇ ಅರ್ಧ ಆಯುಷ್ಯ ಕಳೆದವಳು ನಾನು, ನಿಮಗೆ ಗೊತ್ತು. ಸುಮ್ಮನಿರಲು ಆಗಲಿಲ್ಲ.

ಅದು 2012ರ ಸುದ್ದಿ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಸುಮಾರು 5000 ಮೀಟರ್ ಎತ್ತರದಲ್ಲಿರುವ ಆಲ್ಮಾ ರೇಡಿಯೊ ದೂರದರ್ಶಕ, ಐರಾಸ್ 16293-2422 ಎಂಬ ಎಳೆಯ ನಕ್ಷತ್ರಗಳ ಸುತ್ತಲಿನ ಅನಿಲದಲ್ಲಿ ಗ್ಲೈಕಾಲ್ಡಿಹೈಡ್ ಗುರುತಿಸಿತು. ಸಕ್ಕರೆಗಳ ಕುಟುಂಬದ ಅತಿ ಸರಳ ಅಣು ಅದು. ಅಣು ಸಿಕ್ಕಿತು, ಜೀವ ಸಿಗಲಿಲ್ಲ.

ಅನಿಲದಲ್ಲಿರುವ ಅಣುಗಳು ಗಿರಗಿರನೆ ತಿರುಗುತ್ತಿರುತ್ತವೆ, ಆದರೆ ಇಷ್ಟಬಂದ ವೇಗದಲ್ಲಲ್ಲ. ಪ್ರತಿ ಅಣುವಿಗೂ ಅದರದ್ದೇ ಶಕ್ತಿಯ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲು ಇಳಿದಾಗ ನಿರ್ದಿಷ್ಟ ಆವರ್ತನದ ರೇಡಿಯೊ ತರಂಗ ಹೊರಬೀಳುತ್ತದೆ. ದೂರದರ್ಶಕದ ದಾಖಲೆಯಲ್ಲಿ ಅದು ಆ ಆವರ್ತನದ ಜಾಗದಲ್ಲಿ ಒಂದು ಗೆರೆಯಾಗಿ ಕಾಣುತ್ತದೆ. ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಹೇಳುತ್ತೇನೆ: ಗ್ಲೈಕಾಲ್ಡಿಹೈಡ್, ಅಸಿಟಿಕ್ ಆಮ್ಲ, ಮೀಥೈಲ್ ಫಾರ್ಮೇಟ್ ಮೂರರಲ್ಲೂ ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್. ತೂಕವೂ ಒಂದೇ. ಜೋಡಣೆ ಬೇರೆಯಾದ್ದರಿಂದ ತಿರುಗುವ ರೀತಿ ಬೇರೆ, ಗೆರೆಗಳು ಬೇರೆ. ನಮ್ಮ ಗೆಲಾಕ್ಸಿಯ ಕೇಂದ್ರದ ಹತ್ತಿರವಿರುವ ಸ್ಯಾಜಿಟೇರಿಯಸ್ ಬಿ2 ಎಂಬ ದೈತ್ಯ ಮೋಡದಲ್ಲಿ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿದ್ದಾರೆ!

ಕಷ್ಟ ಇರುವುದೂ ಇಲ್ಲೇ. ಎಳೆಯ ನಕ್ಷತ್ರ ಸುತ್ತಲಿನ ಧೂಳನ್ನು ಬಿಸಿ ಮಾಡಿದಾಗ, ಕಣಗಳ ಮೇಲಿನ ಹಿಮದಲ್ಲಿ ತಯಾರಾದ ಅಣುಗಳು ಒಟ್ಟಿಗೆ ಅನಿಲಕ್ಕೆ ಬರುತ್ತವೆ. ಗೆರೆಗಳ ಮೇಲೆ ಗೆರೆಗಳು. ಒಂದು ಗೆರೆ ಲ್ಯಾಬಿನಲ್ಲಿ ಅಳೆದ ಆವರ್ತನಕ್ಕೆ ಹೊಂದಿತು ಅಂದರೆ ಏನೂ ಸಾಬೀತಾಗಲಿಲ್ಲ. ಆ ತಾಪಮಾನದಲ್ಲಿ ಕಾಣಲೇಬೇಕಾದ ಉಳಿದ ಗೆರೆಗಳೂ ಬೇಕು, ಪ್ರಖರತೆಯೂ ತಾಳೆಯಾಗಬೇಕು. ಬಲವಾಗಿ ಕಾಣಬೇಕಾದ ಒಂದು ಗೆರೆ ಕಾಣೆಯಾದರೂ ಇಡೀ ವಾದ ಬೀಳುತ್ತದೆ.

ಬಿದ್ದೂ ಇದೆ. 2003ರಲ್ಲಿ, ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಅತಿ ಸರಳವಾದ ಗ್ಲೈಸಿನ್ ಮೂರು ಮೋಡಗಳಲ್ಲಿ ಸಿಕ್ಕಿತೆಂದು ಒಂದು ತಂಡ ಪ್ರಕಟಿಸಿತು. ನಾನು ಮರುದಿನವೇ ತರಗತಿಯಲ್ಲಿ ಸಂಭ್ರಮದಿಂದ ಹೇಳಿದ್ದೆ. 2005ರಲ್ಲಿ ಇನ್ನೊಂದು ತಂಡ ಅದೇ ಗೆರೆಗಳನ್ನು ಪರಿಶೀಲಿಸಿ, ಇರಬೇಕಾದ ಮುಖ್ಯ ಗೆರೆಗಳೇ ಇಲ್ಲವೆಂದು ತೋರಿಸಿತು. ಅಷ್ಟರಲ್ಲಿ ಆ ಮಕ್ಕಳು ಪಾಸಾಗಿ ಹೋಗಿದ್ದರು, ನನ್ನ ಮಾತನ್ನು ತಿದ್ದಲು ಆಗಲೇ ಇಲ್ಲ. ಇವತ್ತಿನ ಸಿಟ್ಟಿನಲ್ಲಿ ಆ ನೋವೂ ಸೇರಿದೆ.

"ಸ್ವಲ್ಪ ಉಪ್ಪುಖಾರ ಹಚ್ಚದಿದ್ದರೆ ಜನ ನೋಡುವುದಿಲ್ಲ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ತಿರುಗುವ ರೀತಿಯಿಂದಲೇ ಅಣುವನ್ನು ಗುರುತು ಹಿಡಿಯಬಹುದು ಎಂದಾಗ ಕಣ್ಣರಳಿಸದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಇದನ್ನು ಮುಚ್ಚಿಟ್ಟು ಸುಳ್ಳು ಮಾರುವ ಅಗತ್ಯವೇನಿತ್ತು?

67ಪಿ ಧೂಮಕೇತುವಿನ ಹತ್ತಿರವೇ ಹೋದ ರೊಸೆಟ್ಟಾ ನೌಕೆಗೆ ಗ್ಲೈಸಿನ್ ಸಿಕ್ಕಿದೆ. ನಕ್ಷತ್ರ ಹುಟ್ಟುವ ಮೋಡಗಳಲ್ಲಿ ಅದರ ರೇಡಿಯೊ ಗೆರೆಗಳ ಹುಡುಕಾಟ ನಡೆದೇ ಇದೆ. ಸಿಕ್ಕಿತು ಎಂಬ ಸುದ್ದಿ ಮತ್ತೆ ಬಂದ ದಿನ, ಎಷ್ಟು ಗೆರೆ ಹೊಂದಿವೆ ಎಂದು ಎಣಿಸಿಯೇ ನಾನು ಇಲ್ಲಿ ಬರೆಯುತ್ತೇನೆ.