ಹೊಟ್ಟೆಯ ಬ್ಯಾಕ್ಟೀರಿಯಾವನ್ನು ಎಲ್ಲರಲ್ಲೂ ಹುಡುಕಿ ಕೊಲ್ಲಬೇಕೇ?

ಪರ: ಉರಿ ಆರಿಸಿದ್ದು ಸಾಕು, ಬೆಂಕಿ ಹುಡುಕಿ

ನಮ್ಮಲ್ಲಿ ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಔಷಧಿ ಅಂಗಡಿಯವರು ಚೀಟಿ ಕೇಳದೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಗುಳಿಗೆ ಕತ್ತರಿಸಿ ಕೊಡುತ್ತಾರೆ. ನನ್ನ ಸೋದರಮಾವ ಏಳು ವರ್ಷ ಬೆಳಗಿನ ಕಾಫಿಗೆ ಮುಂಚೆ ಅದನ್ನು ನುಂಗಿದರು. ಕೊನೆಗೊಬ್ಬ ವೈದ್ಯರು ಎರಡು ವಾರ ಗುಳಿಗೆ ಬಿಡಿಸಿ ಎಂಡೋಸ್ಕೋಪಿ ಮಾಡಿದರು. ಜಠರದ ಒಳಪೊರೆಯಿಂದ ಅಕ್ಕಿನುಚ್ಚಿನಷ್ಟು ಚೂರು ಕಿತ್ತು ಹಳದಿ ಜೆಲ್ಲಿಯ ಮೇಲಿಟ್ಟರು. ಮಾವನಿಗೆ ಮಂಪರು ಇಳಿಯುವ ಮೊದಲೇ ಜೆಲ್ಲಿ ಗುಲಾಬಿಯಾಗಿತ್ತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಆಮ್ಲದ ಮಡುವಿನಲ್ಲಿ ಅದು ಬದುಕುವುದೇ ಹಾಗೆ. ಬಣ್ಣ ಬದಲಾಗಿದ್ದು ಆ ಅಮೋನಿಯಾದಿಂದ.

ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಇದೇ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಜಠರ ಉರಿಯೂತದಿಂದ ಕೆಂಪಾಯಿತು. ಈ ಬ್ಯಾಕ್ಟೀರಿಯಾವನ್ನು ಅವರೊಂದಿಗೆ ಕಂಡುಹಿಡಿದ ರಾಬಿನ್ ವಾರೆನ್ ಜೊತೆ 2005ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ತಂಬಾಕು ಇರುವ ಗುಂಪು ಅದು.

ಈ ಕ್ಯಾನ್ಸರ್ ಅವಸರದ್ದಲ್ಲ. ಮೊದಲು ಉರಿಯೂತ, ಆಮೇಲೆ ಪೊರೆ ಸವೆಯುವುದು, ಆಮೇಲೆ ಜಠರದ ಕೋಶಗಳು ಕರುಳಿನ ಕೋಶಗಳ ವೇಷ ತೊಡುವುದು. ದಶಕಗಳೇ ಹಿಡಿಯುತ್ತವೆ. ಅಷ್ಟು ಬಿಡುವು ಕೊಡುವ ಶತ್ರು ಸಿಗುವುದು ಅಪರೂಪ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ವಯಸ್ಕರನ್ನೆಲ್ಲ ಪರೀಕ್ಷಿಸಿ ಔಷಧಿ ಕೊಟ್ಟರು. ಸೋಂಕು ಶೇ 64ರಿಂದ ಶೇ 15ಕ್ಕೆ ಇಳಿಯಿತು, ಜಠರದ ಕ್ಯಾನ್ಸರ್ ಶೇ 53ರಷ್ಟು ಕಡಿಮೆಯಾಯಿತು. ಜಪಾನ್ 2013ರಿಂದ ಈ ಸೋಂಕಿನ ಜಠರದ ಉರಿಯೂತಕ್ಕೂ ವಿಮೆಯಲ್ಲಿ ಚಿಕಿತ್ಸೆ ಕೊಡುತ್ತಿದೆ. ಜಗತ್ತಿನಲ್ಲಿ 2008ರಿಂದ 2017ರ ನಡುವೆ ಹುಟ್ಟಿದವರ ಪೈಕಿ 1.56 ಕೋಟಿ ಮಂದಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಜಠರದ ಕ್ಯಾನ್ಸರ್ ಬರಬಹುದೆಂದೂ ಅದರಲ್ಲಿ ಶೇ 76ಕ್ಕೆ ಈ ಬ್ಯಾಕ್ಟೀರಿಯಾವೇ ಕಾರಣವೆಂದೂ 2025ರ ಅಂದಾಜು ಹೇಳುತ್ತದೆ. ಈಗ ಶಾಲೆಗೆ ಹೋಗುತ್ತಿರುವ ಮಕ್ಕಳ ಲೆಕ್ಕ ಇದು. ಮಲದ ಒಂದು ಪರೀಕ್ಷೆ, ಎರಡು ವಾರದ ಗುಳಿಗೆ: ಇಷ್ಟಕ್ಕೆ ಮೀನಮೇಷ ಎಣಿಸಬೇಕೇ?

ವಿರೋಧ: ಬಾಗಿಲು ತೆರೆದಿಟ್ಟು ಇಲಿ ಹಿಡಿದಂತೆ

ಏಳು ವರ್ಷ ಹೊಟ್ಟೆ ಉರಿದವರನ್ನು ಪರೀಕ್ಷಿಸಲೇಬೇಕಿತ್ತು, ಮೊದಲ ವರ್ಷವೇ. ಅದಕ್ಕೆ ಯಾರ ತಕರಾರೂ ಇಲ್ಲ. ಪ್ರಶ್ನೆ ಇರುವುದು ಹೊಟ್ಟೆನೋವೇ ಇಲ್ಲದೆ ಮುದ್ದೆ ಉಂಡು ನೆಮ್ಮದಿಯಾಗಿ ಮಲಗುವವರ ಬಗ್ಗೆ.

ಭಾರತದಲ್ಲಿ ವಯಸ್ಕರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಯ ಜಠರದಲ್ಲಿ ಈ ಬ್ಯಾಕ್ಟೀರಿಯಾ ಇದೆ. ಆದರೆ ನಮ್ಮಲ್ಲಿ ಜಠರದ ಕ್ಯಾನ್ಸರ್ ಜಪಾನ್, ಚೀನಾಗಳಿಗಿಂತ ಬಹಳ ಕಡಿಮೆ. ವೈದ್ಯರು ಇದನ್ನು ಭಾರತದ ಒಗಟು ಎಂದೇ ಕರೆಯುತ್ತಾರೆ. ಸೋಂಕಿದ ನೂರು ಮಂದಿಯಲ್ಲಿ ಕ್ಯಾನ್ಸರ್ ಬರುವುದು ಒಬ್ಬರಿಂದ ಮೂವರಿಗೆ. ಮಿಜೋರಾಂ ಮಾತ್ರ ಬೇರೆ: ಹೊಗೆಯಲ್ಲಿ ಒಣಗಿಸಿದ ಮಾಂಸ, ತಂಬಾಕಿನ ಹೊಗೆ ಹಾಯಿಸಿದ ‘ತುಯಿಬುರ್’ ಎಂಬ ನೀರು ಅಲ್ಲಿ ಸೋಂಕಿನ ಜೊತೆ ಸೇರಿಕೊಂಡಿವೆ, ಜಠರದ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು ಅಲ್ಲಿ. ಅಲ್ಲಿಗೆ ಮೊದಲು ಹೋಗಿ ಎಂದರೆ ನಾನೂ ಕೈ ಎತ್ತುತ್ತೇನೆ. ಐಜ್ವಾಲ್‌ಗೆ ಹೊಂದುವ ಲೆಕ್ಕವನ್ನು ಮಂಡ್ಯಕ್ಕೂ ಹೊಂದಿಸಿದರೆ ಅದು ವಿಜ್ಞಾನವಲ್ಲ, ಉತ್ಸಾಹ.

ಮಾತ್ಸು ಕೆಲವೇ ಸಾವಿರ ಜನರ ದ್ವೀಪ. ಚೀನಾದ ಲಿನ್‌ಚುವಿನ 980 ಹಳ್ಳಿಗಳಲ್ಲಿ 1.8 ಲಕ್ಷ ಜನರನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು: ಸುಮಾರು 12 ವರ್ಷಗಳಲ್ಲಿ ಕ್ಯಾನ್ಸರ್ ಇಳಿದದ್ದು ಶೇ 14, ಅದೂ ಈ ರೋಗ ಹೆಚ್ಚಾಗಿರುವ ಪ್ರದೇಶದಲ್ಲಿ. ಅದೇ ವರ್ಷ ಪ್ರಕಟವಾದ ತೈವಾನಿನ ದೊಡ್ಡ ಪ್ರಯೋಗದಲ್ಲಿ, ಕರುಳಿನ ಕ್ಯಾನ್ಸರಿನ ಮಲಪರೀಕ್ಷೆಯ ಜೊತೆ ಇದಕ್ಕೂ ಕರೆ ಕಳುಹಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವಧಿ ಚಿಕ್ಕದಿತ್ತು ಎನ್ನಬಹುದು, ಒಪ್ಪೋಣ.

ಕೊಳಕು ನೀರು, ಒಂದೇ ಲೋಟ, ತಾಯಿಯಿಂದ ಮಗುವಿಗೆ: ಸೋಂಕು ಬರುವ ದಾರಿಗಳು ಹಾಗೆಯೇ ಇರುವಾಗ ವಾಸಿಯಾದವರಿಗೆ ಮತ್ತೆ ಬರುವುದಿಲ್ಲವೆಂದು ಯಾರು ಬರೆದುಕೊಡುತ್ತಾರೆ? ನನ್ನ ದೊಡ್ಡ ಹೆದರಿಕೆ ಬೇರೆಯೇ ಇದೆ. ಕ್ಲಾರಿತ್ರೋಮೈಸಿನ್, ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್: ಈ ಆ್ಯಂಟಿಬಯಾಟಿಕ್‌ಗಳು ಕೋಟ್ಯಂತರ ಆರೋಗ್ಯವಂತರ ಹೊಟ್ಟೆಗಿಳಿಯಬೇಕು. ಭೇದಿಯಾದಾಗಲೆಲ್ಲ ನುಂಗಿ ನುಂಗಿ ಮೆಟ್ರೊನಿಡಜೋಲ್ ಇಲ್ಲಿ ಆಗಲೇ ಮೊಂಡಾಗಿದೆ. ಕ್ಲಾರಿತ್ರೋಮೈಸಿನ್‌ಗೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೊಸ ಔಷಧಿ ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಿತ್ತು.

ಎರಡು ವಾರದ ಗುಳಿಗೆ ಎನ್ನುವುದು ಬಾಯಿಮಾತಿಗೆ ಸುಲಭ. ನಮ್ಮ ಮನೆಯಲ್ಲಿ ಒಬ್ಬರು ಅದನ್ನು ನುಂಗಿದ್ದಾರೆ. ಮೂರನೇ ದಿನಕ್ಕೆ ನಾಲಗೆಯ ಮೇಲೆ ತುಕ್ಕಿನ ರುಚಿ. ಆ ಗುಳಿಗೆಗಳ ಜೊತೆಗಿದ್ದ ಬಿಸ್ಮತ್ ಎಂಬ ಔಷಧಿಯಿಂದ ಮಲ ಕಪ್ಪಾದಾಗ ರಕ್ತವೇ ಹೋಯಿತೆಂದು ಗಾಬರಿ. ಎಂಟನೇ ದಿನ ಹೊಟ್ಟೆ ಹಗುರಾಯಿತು, ಗುಳಿಗೆ ನಿಂತಿತು. ಉಳಿದವು ಫ್ರಿಜ್ಜಿನ ಮೇಲಿನ ಡಬ್ಬಿ ಸೇರಿದವು; ಮುಂದಿನ ತಿಂಗಳು ಮೊಮ್ಮಗನಿಗೆ ಗಂಟಲು ಕಟ್ಟಿದಾಗ ಅದರಿಂದಲೇ ಎರಡು ಹೊರಬಂದವು.