ಆಲ್ಬಟ್ರಾಸ್‌ಗೆ ‘ಮೂರರಲ್ಲಿ ಎರಡು’ ಸಾಲದು

ಟ್ಯೂನಾ ಹಡಗು ಲಾಂಗ್‌ಲೈನ್ (ಎರೆ ಸಿಕ್ಕಿಸಿದ ಗಾಳಗಳನ್ನು ಸಾಲಾಗಿ ಕಟ್ಟಿದ ಬಲು ಉದ್ದದ ದಾರ) ಬಿಡುವಾಗ, ಎರೆ ನೀರಿಗೆ ಬಿದ್ದು ಹತ್ತು ಮೀಟರ್ ಆಳಕ್ಕೆ ಇಳಿಯುವ ತನಕದ ಹೊತ್ತೇ ಹಕ್ಕಿಗಳಿಗೆ ಗಂಡಾಂತರ. ಬೊಂಡಾಸನ್ನೋ ಮೀನನ್ನೋ ಕಂಡು ಎರಗಿದ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಗಾಳಕ್ಕೆ ಸಿಕ್ಕಿ ಮುಳುಗಿ ಸಾಯುತ್ತದೆ. ಅದಕ್ಕೆ ಆಳಕ್ಕೆ ಧುಮುಕಲು ಬರುವುದಿಲ್ಲ. ಆದರೆ ಪೆಟ್ರೆಲ್ ಹಕ್ಕಿಗಳು ಧುಮುಕಿ ಎರೆಯನ್ನು ಮೇಲೆ ತರುತ್ತವೆ, ಅವುಗಳಿಂದ ಇದು ಕಿತ್ತುಕೊಳ್ಳುತ್ತದೆ. ಹಾಗಾಗಿ ಎರೆ ಮೂರ್ನಾಲ್ಕು ಮೀಟರ್ ಇಳಿದರೆ ಸಾಕು ಅನ್ನುವ ಲೆಕ್ಕ ಕೈಕೊಡುತ್ತದೆ.

ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ 2004ರಲ್ಲಿ ವಾಂಡರಿಂಗ್ ಆಲ್ಬಟ್ರಾಸ್ ಎಂಬ ಜಾತಿಯ 1,553 ಜೋಡಿ ಗೂಡುಕಟ್ಟಿದ್ದವು, 2015ರಲ್ಲಿ 1,278. ಎರಡು ವರ್ಷಕ್ಕೊಂದೇ ಮೊಟ್ಟೆ, ಅದೂ ಹತ್ತು ವರ್ಷದ ಆಸುಪಾಸಿನಲ್ಲಿ ಶುರು. ದ್ವೀಪದ ಸುತ್ತ ಟೂತ್‌ಫಿಶ್ ಬೇಟೆಯನ್ನು ಚಳಿಗಾಲಕ್ಕೆ ಸೀಮಿತಗೊಳಿಸಿ, ರಾತ್ರಿಯೇ ಗಾಳ ಬಿಡಿಸಿ, ಹಡಗಿಗೊಬ್ಬ ವೀಕ್ಷಕನನ್ನು ಕೂರಿಸಿದ ಮೇಲೆ ಅಲ್ಲಿ ಸಾವು ಸೊನ್ನೆಯ ಹತ್ತಿರ ಬಂತು. ಹಕ್ಕಿಗಳು ಮಾತ್ರ ಅಲ್ಲೇ ಇರುವುದಿಲ್ಲವಲ್ಲ. ಅದರಲ್ಲೂ ಹೆಣ್ಣುಗಳು ಮೇವಿಗೆ ಉತ್ತರದ ಬೆಚ್ಚನೆ ನೀರಿನ ಕಡೆ ಹೋಗುತ್ತವೆ, ಟ್ಯೂನಾ ಹಡಗುಗಳಿರುವುದೂ ಅಲ್ಲೇ.

ಆ ಹಡಗುಗಳಿಗೆ ಅಟ್ಲಾಂಟಿಕ್ ಟ್ಯೂನಾ ಆಯೋಗ 2011ರಲ್ಲಿ ಹಾಕಿದ ನಿಯಮ: ದಕ್ಷಿಣ ಅಕ್ಷಾಂಶ 25 ಡಿಗ್ರಿಯಿಂದ ಕೆಳಗೆ ರಾತ್ರಿ ಗಾಳ ಬಿಡುವುದು, ಹಕ್ಕಿ ಬೆದರಿಸುವ ಹಗ್ಗ, ಗಾಳಕ್ಕೆ ತೂಕ, ಈ ಮೂರರಲ್ಲಿ ಎರಡು ಸಾಕು. ನನ್ನ ತಕರಾರು ಇರುವುದೇ ಈ ‘ಸಾಕು’ ಮೇಲೆ. ಹುಣ್ಣಿಮೆಯ ಬೆಳಕಲ್ಲಿ ಆಲ್ಬಟ್ರಾಸ್ ಆರಾಮಾಗಿ ಮೇಯುತ್ತದೆ, ರಾತ್ರಿಯ ರಕ್ಷಣೆ ಅರ್ಧ ಹೋಯಿತು. ಹಗ್ಗ ಕಟ್ಟಲು ಹಡಗಿನ ಹಿಂಬದಿಯಲ್ಲಿ ಕಂಬ ಬೇಕು, ದೊಡ್ಡ ಹಡಗಾದರೆ ಹಗ್ಗ ನೀರಿನಿಂದ ಎಂಟು ಮೀಟರ್ ಎತ್ತರದಲ್ಲಿರಬೇಕು. ಅಲ್ಲಿ ಅದು ನೂರು ಮೀಟರ್ ನೀರಿಗೆ ತಾಗದೆ ನಿಲ್ಲಬೇಕು, ಐದೈದು ಮೀಟರಿಗೆ ಬಣ್ಣದ ಪಟ್ಟಿ ನೇತಾಡಬೇಕು. ಕಂಬ ಗಿಡ್ಡವಾದರೆ ಹಗ್ಗ ಜೋಲುತ್ತದೆ. ಅಡ್ಡಗಾಳಿಗೆ ಒಂದು ಬದಿಗೆ ಸರಿದು ಎರೆ ಬಯಲಾಗುತ್ತದೆ. ತೇಲುಬುರುಡೆಗೆ ಸುತ್ತಿಕೊಂಡರೆ ಕತ್ತರಿಸಿ ಬಿಸಾಡುತ್ತಾರೆ, ಆಮೇಲೆ ಇನ್ನೊಂದು ಕಟ್ಟುವವರು ಯಾರು?

ನಂಬಬಹುದಾದದ್ದು ತೂಕ. ಆಲ್ಬಟ್ರಾಸ್ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಸಲಹೆಯಂತೆ ಗಾಳದಿಂದ ಅರ್ಧ ಮೀಟರ್ ಒಳಗಾದರೆ ಕನಿಷ್ಠ 40 ಗ್ರಾಂ, ಒಂದು ಮೀಟರ್ ಒಳಗೆ 60, ಎರಡು ಮೀಟರ್ ಒಳಗೆ 80. ದೂರ ಕಟ್ಟಿದಷ್ಟೂ ಎರೆ ಹೆಚ್ಚು ಹೊತ್ತು ಮೇಲೆ ಉಳಿಯುತ್ತದೆ. ದಾರ ತುಂಡಾದಾಗ ತೂಕದ ಸೀಸ ಚಿಮ್ಮಿ ಮುಖಕ್ಕೆ ಬಡಿಯುತ್ತದೆಂಬ ಕೆಲಸಗಾರರ ಭಯ ನಿಜವಾದದ್ದೇ, ದಾರದ ಮೇಲೆ ಜಾರುವ ತೂಕ ಬಂದಿರುವುದು ಅದಕ್ಕೇ.

ಮೂರನ್ನೂ ಕಡ್ಡಾಯ ಮಾಡಿ, ಹಡಗಿಗೆ ಕ್ಯಾಮೆರಾ ಹಾಕಿಸಬೇಕು. ಗಾಳ ಎಳೆಯುವ ಜಾಗಕ್ಕಷ್ಟೇ ಹಾಕಿದರೆ ಪ್ರಯೋಜನ ಕಡಿಮೆ. ಬಿಡುವಾಗ ಸಿಕ್ಕ ಹಕ್ಕಿಗಳಲ್ಲಿ ಬಹಳಷ್ಟು ಎಳೆಯುವ ಹೊತ್ತಿಗೆ ಕಳಚಿಹೋಗಿರುತ್ತವೆ, ಲೆಕ್ಕಕ್ಕೇ ಬರುವುದಿಲ್ಲ. ಒಂದು ಕ್ಯಾಮೆರಾ ಹಿಂಬದಿಯ ಕಂಬದ ಕಡೆಗೂ ತಿರುಗಿರಬೇಕು.